ಸಿನಿಮಾ ನೋಡಿದ ಮೇಲೆ ಅಮ್ಮ ವಿಮಾನ ಹತ್ತಲ್ಲ ಅಂತಿದ್ದಾರೆ

ಪ್ರಶ್ನೆ: ನಾವು ನಾಪೋಕ್ಲು ಕಡೆಯವರು. ಕಕ್ಕಡದ ಮಳೆಯಲ್ಲಿ ಒಂದು ಭಾನುವಾರ ಮನೆಯವರೆಲ್ಲ ಕೂತು ವಿಮಾನದ ಥ್ರಿಲ್ಲರ್ ಸಿನಿಮಾ ಒಂದನ್ನು ನೋಡಿದೆವು. ಟ್ರೇಲರ್ ನೋಡಿದಾಗಿನಿಂದ ಕಾದಿದ್ದೆವು. ಮೊದಲರ್ಧ ಉಸಿರು ಬಿಗಿಹಿಡಿದು ನೋಡಿದೆವು. ಆಮೇಲೆ ಸಪ್ಪೆಯಾಯ್ತು. ಕಥೆ ಇಷ್ಟು: ರಾತ್ರಿ ಹೊರಟ ವಿಮಾನ 35,000 ಅಡಿಯಲ್ಲಿದೆ. ಒಬ್ಬ ಬಂದೂಕು ತೆಗೆಯುತ್ತಾನೆ. ಗುಂಡು ತಾಗಿ ಕಿಟಕಿ ಒಡೆದು ಮೂರು ಜನ ಹೊರಗೆ ಹಾರಿಹೋಗುತ್ತಾರೆ. ಇನ್ನೊಬ್ಬ ಬಾಗಿಲನ್ನೇ ತೆರೆಯುತ್ತಾನೆ. ಇಬ್ಬರೂ ಪೈಲಟ್‌ಗಳು ಪ್ರಜ್ಞೆ ತಪ್ಪುತ್ತಾರೆ. ಎರಡೂ ಎಂಜಿನ್ ನಿಂತು ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಕೊನೆಗೆ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಕೇಳಿಕೊಂಡು ಇಳಿಸುತ್ತಾಳೆ. ಮಗ ಸೂಪರ್ ಅಂತಾನೆ. ಭಾವ ನಿವೃತ್ತ ಸುಬೇದಾರ್. ಎಲ್ಲ ಸುಳ್ಳು ಅಂತ ಮಧ್ಯದಲ್ಲೇ ಎದ್ದು ಹೋದರು. ಹೆಂಡತಿ ಅತ್ತಳು. ನನಗೆ ಹಿಡಿಸಲಿಲ್ಲ, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ.

ದೊಡ್ಡ ತೊಂದರೆ ಅಮ್ಮನದು. ಅವರಿಗೆ 69 ವರ್ಷ. ಅಬುಧಾಬಿಯಲ್ಲಿರುವ ತಂಗಿಯ ಮಗುವನ್ನು ನೋಡಲು ಸೆಪ್ಟೆಂಬರ್ ಕೊನೆಗೆ ಕಣ್ಣೂರಿನಿಂದ ಟಿಕೆಟ್ ಆಗಿದೆ. ಪುತ್ತರಿ ಹಬ್ಬಕ್ಕೆ ವಾಪಸ್. ಮೊದಲ ವಿಮಾನ ಪ್ರಯಾಣ. ಈಗ ಹತ್ತುವುದೇ ಇಲ್ಲ ಅಂತ ಕೂತಿದ್ದಾರೆ. ಅದು ಸಿನಿಮಾ ಅಮ್ಮ ಅಂದರೆ, 'ಬಜ್ಪೆಯಲ್ಲಿ ಬಿದ್ದದ್ದೂ ಸಿನಿಮಾನಾ?' ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಆ ಸಿನಿಮಾವನ್ನು ನಾನೂ ನೋಡಿದೆ. ಎರಡು ಸಲ ನೋಡಿದೆ. ಮೊದಲ ಸಲ ಸುಮ್ನೆ ಪ್ರೇಕ್ಷಕನಾಗಿ, ಎರಡನೇ ಸಲ ಪೆನ್ನು ಹಿಡಿದು. ನಾನು ವಾಯುಪಡೆಯಲ್ಲಿ ಸಾಗಣೆ ವಿಮಾನಗಳ ಫ್ಲೈಟ್ ಎಂಜಿನಿಯರ್ ಆಗಿದ್ದವನು. ನಿವೃತ್ತಿಯ ನಂತರ 14 ವರ್ಷ ನಾಗರಿಕ ವಿಮಾನಗಳ ದುರಸ್ತಿ ಕೆಲಸದಲ್ಲಿದ್ದೆ. ಈಗ ಗೋಣಿಕೊಪ್ಪ ಹತ್ತಿರ ತೋಟ ನೋಡಿಕೊಂಡಿದ್ದೇನೆ. ವಿಮಾನದ ಸಿನಿಮಾ ಅಂದರೆ ನನಗೆ ಇವತ್ತಿಗೂ ಆಸೆ. ಹಾಗಾಗಿ ಇದು ಅರ್ಧಕ್ಕೆ ಕೈಕೊಟ್ಟಾಗ ನನಗೂ ಬೇಸರವಾಯ್ತು.

ನಿಮ್ಮ ಮನೆಯಲ್ಲಿ ಎರಡು ಗಂಟುಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಸಿನಿಮಾ ಚೆನ್ನಾಗಿತ್ತೋ ಇಲ್ಲವೋ ಅನ್ನುವುದು ಒಂದು. ಅದರಲ್ಲಿ ತೋರಿಸಿದ್ದು ನಿಜವೋ ಅನ್ನುವುದು ಇನ್ನೊಂದು. ಭಾವ ಇವೆರಡನ್ನೂ ಒಂದೇ ಅಂದುಕೊಂಡರು. ಅಮ್ಮನೂ ಹಾಗೇ ಅಂದುಕೊಂಡಿದ್ದಾರೆ, ಬೇರೆ ದಿಕ್ಕಿನಿಂದ. ಬಿಡಿಸಿ ನೋಡೋಣ.

ಮೊದಲು ಕಿಟಕಿ. ನೀವು ಇರಿಟ್ಟಿಯಲ್ಲೋ ಮಂಗಳೂರಿನಲ್ಲೋ ಚಿಪ್ಸ್ ಪೊಟ್ಟಣ ತಗೊಂಡು ಕಾರಿನಲ್ಲಿಟ್ಟುಕೊಂಡು ಘಾಟಿ ಹತ್ತಿದ್ದೀರಲ್ಲ? ಮಡಿಕೇರಿ ಬರುವ ಹೊತ್ತಿಗೆ ಅದು ಉಬ್ಬಿ ನಿಂತಿರುತ್ತದೆ. ಯಾರೂ ಗಾಳಿ ತುಂಬಲಿಲ್ಲ. ಒಳಗೆ ಕರಾವಳಿಯ ಗಾಳಿಯೇ ಇದೆ, ಹೊರಗಿನ ಒತ್ತಡ ಕಡಿಮೆಯಾಯ್ತು ಅಷ್ಟೇ. ವಿಮಾನವೂ ಅಂಥದ್ದೇ ಒಂದು ಪೊಟ್ಟಣ. 35,000 ಅಡಿಯಲ್ಲಿ ಹೊರಗಿನ ಗಾಳಿ ಉಸಿರಾಡಲು ಸಾಲದು. ಎವರೆಸ್ಟ್ ಶಿಖರ ಕೂಡ 29,032 ಅಡಿ ಮಾತ್ರ. ಆದ್ದರಿಂದ ಒಳಗೆ ಗಾಳಿ ಒತ್ತಿ ಇಡುತ್ತಾರೆ. ಆದರೆ ನೆಲಮಟ್ಟದಷ್ಟು ಒತ್ತುವುದಿಲ್ಲ. 6,000ದಿಂದ 8,000 ಅಡಿ ಎತ್ತರದಲ್ಲಿ ಎಷ್ಟಿರುತ್ತದೋ ಅಷ್ಟು. ನಮ್ಮ ತಡಿಯಂಡಮೋಳ್ 1,748 ಮೀಟರ್, ಅಂದರೆ ಸುಮಾರು 5,700 ಅಡಿ. ಊಟಿ 7,300 ಅಡಿ ಚಿಲ್ಲರೆ. ವಿಮಾನದೊಳಗೆ ಕೂತವರು ತಡಿಯಂಡಮೋಳ್ ತುದಿಗಿಂತ ಸ್ವಲ್ಪ ಮೇಲೆ, ಊಟಿ ಪೇಟೆಯ ಆಸುಪಾಸಿನಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ಇದನ್ನು ಅಮ್ಮನಿಗೆ ಹೀಗೇ ಹೇಳಿ. ಇಗ್ಗುತ್ತಪ್ಪನ ಬೆಟ್ಟದ ನೆರಳಲ್ಲಿ ಬೆಳೆದವರಿಗೆ ಇದು ಹೊಸ ಎತ್ತರ ಅಲ್ಲ.

ಗುಂಡು ತಾಗಿದರೆ ಏನಾಗುತ್ತದೆ? ಮೈಯಲ್ಲಿ ಸಣ್ಣ ತೂತು ಬೀಳುತ್ತದೆ, ಗಾಳಿ ಸಿಳ್ಳೆ ಹೊಡೆಯುತ್ತದೆ. ವಿಮಾನದ ಹಿಂಭಾಗದಲ್ಲಿ ಗಾಳಿ ಬಿಡಲೆಂದೇ ಒಂದು ಕವಾಟ ಇರುತ್ತದೆ, ಅದು ಆ ಗುಂಡಿನ ತೂತಿಗಿಂತ ಎಷ್ಟೋ ದೊಡ್ಡದು. ಅದು ಸ್ವಲ್ಪ ಮುಚ್ಚಿಕೊಂಡು ಒತ್ತಡ ಸರಿದೂಗಿಸುತ್ತದೆ. ಇನ್ನು ಕಿಟಕಿಗೆ ಒಂದೇ ಗಾಜಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಮೂರು ಪದರ. ನೀವು ಕೈಯಿಂದ ಮುಟ್ಟುವ ಒಳಪದರ ಬರೀ ಗೀರು ಬೀಳದಿರಲಿ ಅಂತ. ಭಾರ ಹೊರುವುದು ಹೊರಗಿನದು. ಅದು ಹೋದರೆ ನಡುವಿನದು ಹೊರುತ್ತದೆ. ಕಿಟಕಿಯ ಕೆಳಭಾಗದಲ್ಲಿ ಸೂಜಿಮೊನೆಯಂಥ ತೂತು ಕಾಣುತ್ತದೆ. ಅಮ್ಮ ನೋಡಿ ಗಾಬರಿಯಾಗಬಹುದು, ಮೊದಲೇ ಹೇಳಿಡಿ. ಅದನ್ನು ಬೇಕೆಂದೇ ಮಾಡಿರುತ್ತಾರೆ. ಪದರಗಳ ನಡುವಿನ ಒತ್ತಡ ಸರಿಯಾಗಿರಲಿ, ಮಂಜು ಕಟ್ಟದಿರಲಿ ಅಂತ.

ಆದರೆ ಕಿಟಕಿ ಪೂರ್ತಿ ಹೋದದ್ದೇ ಇಲ್ಲ ಅಂತ ನಾನು ಹೇಳಲ್ಲ. 2018ರ ಏಪ್ರಿಲ್ 17ರಂದು ಅಮೆರಿಕದಲ್ಲಿ ಎಂಜಿನ್ನಿನ ಒಂದು ಅಲಗು ಮುರಿದು, ಅದರ ಚೂರುಗಳು ಸಿಡಿದು ಕಿಟಕಿ ಒಡೆಯಿತು. ಪಕ್ಕದಲ್ಲಿ ಕೂತಿದ್ದ ಮಹಿಳೆ ಅರ್ಧ ಹೊರಗೆ ಸೆಳೆಯಲ್ಪಟ್ಟು ತೀರಿಕೊಂಡರು. ವಿಮಾನದಲ್ಲಿದ್ದ ಉಳಿದ 148 ಜನ ಕ್ಷೇಮವಾಗಿ ಇಳಿದರು. ಅಪಾಯ ಇರುವುದು ತೂತಿನ ಪಕ್ಕದಲ್ಲೇ, ಅದೂ ಒಳಗೆ ಹೊರಗೆ ಒತ್ತಡ ಸಮ ಆಗುವ ಕೆಲವು ಕ್ಷಣ. ನಾಲ್ಕು ಸಾಲು ಆಚೆ ಕೂತವರು ಎದ್ದು ಹಾರಿಹೋಗುವುದು ಸಿನಿಮಾದಲ್ಲಿ ಮಾತ್ರ. 2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಹೊರಟ ವಿಮಾನದ ಮೈಯ ಒಂದು ಭಾಗವೇ ಸುಮಾರು 15,000 ಅಡಿಯಲ್ಲಿ ಕಿತ್ತುಹೋಯ್ತು. ಬಾಗಿಲಿನಷ್ಟು ದೊಡ್ಡ ಕಿಂಡಿ. 177 ಜನ ಇದ್ದರು. ಎಲ್ಲರೂ ಬದುಕಿದರು. ಕಟ್ಟಬೇಕಿದ್ದ ನಾಲ್ಕು ಬೋಲ್ಟ್‌ಗಳನ್ನು ಕಟ್ಟಿರಲಿಲ್ಲ. ಇದನ್ನು ಓದಿದ ದಿನ ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ.

ಬಾಗಿಲಿನ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳಬಲ್ಲೆ. ಆ ಎತ್ತರದಲ್ಲಿ ಯಾರೂ ತೆರೆಯಲು ಆಗಲ್ಲ. ಪ್ರತಿ ಚದರ ಮೀಟರ್ ಮೇಲೆ ಒಳಗಿನ ಗಾಳಿ 5 ಟನ್ನಿಗೂ ಜಾಸ್ತಿ ಒತ್ತುತ್ತಿರುತ್ತದೆ. ಒಂದು ಬಾಗಿಲಿಗೆ ಲೆಕ್ಕ ಹಾಕಿದರೆ ಏಳೂವರೆ ಟನ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ 50 ಕಿಲೋದ 150 ಕಾಫಿ ಚೀಲ. ಬಾಗಿಲಿನ ರಚನೆಯೇ ಹಾಗಿರುತ್ತದೆ, ಆ ಒತ್ತಡ ಅದನ್ನು ಚೌಕಟ್ಟಿಗೆ ಇನ್ನೂ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ನೆಲದ ಹತ್ತಿರ ಬಂದಾಗ ಮಾತ್ರ ಈ ಒತ್ತಡ ಇರುವುದಿಲ್ಲ. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಇಳಿಯುವುದಕ್ಕೆ ಸ್ವಲ್ಪ ಮೊದಲು, ಸುಮಾರು 700 ಅಡಿಯಲ್ಲಿ ಪ್ರಯಾಣಿಕನೊಬ್ಬ ತುರ್ತು ಬಾಗಿಲು ತೆರೆದುಬಿಟ್ಟ. ಗಾಳಿ ನುಗ್ಗಿತು, ಜನ ಕಿರುಚಿದರು. ಯಾರೂ ಹೊರಗೆ ಬೀಳಲಿಲ್ಲ. ಬೆಲ್ಟ್ ಕಟ್ಟಿಕೊಂಡಿದ್ದರು.

ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ ಅನ್ನುವುದು ಜನ ಜಾಸ್ತಿ ನಂಬಿರುವ ಸುಳ್ಳು. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಎಂಜಿನ್ ಮುಂದಕ್ಕೆ ತಳ್ಳುತ್ತದೆ. ತಳ್ಳುವುದು ನಿಂತರೆ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಾ ವಿಮಾನ ಜಾರುತ್ತದೆ. ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 15 ಕಿಲೋಮೀಟರ್ ಮುಂದೆ ಹೋಗುತ್ತದೆ. ಮಡಿಕೇರಿ ಮೇಲೆ 35,000 ಅಡಿಯಲ್ಲಿ ಎರಡೂ ಎಂಜಿನ್ ನಿಂತವು ಅಂದುಕೊಳ್ಳಿ. ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣ ಆಕಾಶದಲ್ಲಿ ನೇರ ಗೆರೆ ಎಳೆದರೆ 60 ಕಿಲೋಮೀಟರ್. ಮಂಗಳೂರು 110. ಎರಡೂ ಕೈಗೆಟಕುವ ದೂರ. 2001ರ ಆಗಸ್ಟ್ 24ರಂದು ಅಟ್ಲಾಂಟಿಕ್ ಸಮುದ್ರದ ಮೇಲೆ ಇಂಧನ ಸೋರಿ ಎರಡೂ ಎಂಜಿನ್ ನಿಂತ ವಿಮಾನವೊಂದು 19 ನಿಮಿಷ ಹೀಗೇ ಜಾರಿಕೊಂಡು ಬಂದು ಅಜೋರ್ಸ್ ದ್ವೀಪದಲ್ಲಿ ಇಳಿಯಿತು. 306 ಜನರಲ್ಲಿ ಒಬ್ಬರೂ ಸಾಯಲಿಲ್ಲ.

ಕಾಲೇಜು ಹುಡುಗಿ ಇಳಿಸುವ ವಿಷಯಕ್ಕೆ ಬರುತ್ತೇನೆ. ದೊಡ್ಡ ಜೆಟ್ ವಿಮಾನವನ್ನು ಪೈಲಟ್ ತರಬೇತಿಯೇ ಇಲ್ಲದ ಪ್ರಯಾಣಿಕರು ಇಳಿಸಿದ ಉದಾಹರಣೆ ಒಂದೂ ಇಲ್ಲ. ಸಣ್ಣ ವಿಮಾನದಲ್ಲಿ ಆಗಿದೆ. 2022ರ ಮೇ 10ರಂದು ಫ್ಲೋರಿಡಾದಲ್ಲಿ ಒಂದೇ ಎಂಜಿನ್ನಿನ ಸೆಸ್ನಾ ವಿಮಾನದ ಪೈಲಟ್ ಪ್ರಜ್ಞೆ ತಪ್ಪಿದಾಗ, ಪ್ರಯಾಣಿಕನೊಬ್ಬ ನಿಯಂತ್ರಣ ಕೊಠಡಿಯ ಮಾತು ಕೇಳುತ್ತಾ ಇಳಿಸಿದ. ಅದು ರೇಡಿಯೋದಲ್ಲಿ ಕೇಳಿದ ಮಾತು. ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಮೊಬೈಲಿಗೆ ನೆಲದ ಟವರ್ ಸಿಗುವುದಿಲ್ಲ. ನಾಪೋಕ್ಲುವಿನಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಹುಡುಕಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ. ಇಷ್ಟು ಹೇಳಿದ ಮೇಲೆ ಭಾವನೇ ಗೆದ್ದರು ಅನ್ನಿಸಬಹುದು. ನನ್ನ ಮಾತು ಬೇರೆ. ಈ ತಪ್ಪುಗಳಿಂದ ಸಿನಿಮಾ ಕೆಡಲಿಲ್ಲ. ಇದಕ್ಕಿಂತ ದೊಡ್ಡ ಸುಳ್ಳು ಹೇಳಿ ನಮ್ಮನ್ನು ಕುರ್ಚಿಗೆ ಅಂಟಿಸಿ ಕೂರಿಸಿದ ಸಿನಿಮಾಗಳಿವೆ. ಕಥೆ ಹೇಳುವವನಿಗೆ ಸುಳ್ಳು ಹೇಳುವ ಹಕ್ಕಿದೆ. ಆದರೆ ತಾನೇ ಹಾಕಿದ ಗೆರೆಯನ್ನು ತಾನೇ ಅಳಿಸುವ ಹಕ್ಕಿಲ್ಲ.

ವಿಮಾನದ ಕಥೆ ಯಾಕೆ ನಮ್ಮನ್ನು ಹಿಡಿಯುತ್ತದೆ ಹೇಳಿ? ಅಲ್ಲಿ ಎಲ್ಲದಕ್ಕೂ ಮಿತಿ ಇದೆ. ಜಾಗ ಇಷ್ಟೇ. ಗಾಳಿ ಇಷ್ಟೇ. ಇಂಧನ ಇಷ್ಟೇ. ಇಳಿದು ಹೋಗಲು ದಾರಿ ಇಲ್ಲ. ಈ ಸಿನಿಮಾದ ಮೊದಲರ್ಧ ಇದನ್ನು ಎಷ್ಟು ಚೆನ್ನಾಗಿ ಕಟ್ಟಿದೆ ನೋಡಿ. ಗಗನಸಖಿ ಸಾಲು ಸಾಲಾಗಿ ಜನರನ್ನು ಎಣಿಸುತ್ತಾಳೆ. ಹಿಂದಿನ ಸಾಲಿನಲ್ಲಿ ಕಿವಿನೋವಿನಿಂದ ಅಳುವ ಮಗು, ಅದನ್ನು ಸಮಾಧಾನ ಮಾಡುವ ತಾಯಿ. ಮಾಸ್ಕಿನ ಆಕ್ಸಿಜನ್ 12 ನಿಮಿಷ ಮಾತ್ರ ಅಂತ ಕ್ಯಾಪ್ಟನ್ ಹೇಳುತ್ತಾನೆ. ಅದು ನಿಜ ಕೂಡ. ಹೆಚ್ಚಿನ ವಿಮಾನಗಳಲ್ಲಿ ಆಸುಪಾಸು ಅಷ್ಟೇ ಇರುತ್ತದೆ. ಪೈಲಟ್ ಕೆಲವೇ ನಿಮಿಷದಲ್ಲಿ 10,000 ಅಡಿಗೆ ಇಳಿಸಿಬಿಡುತ್ತಾನೆ, ಅಲ್ಲಿ ಮಾಸ್ಕ್ ಬೇಕಾಗಿಲ್ಲ. ಆ ಮಾತು ಕೇಳಿದ ಕೂಡಲೇ ನಾವೆಲ್ಲ ಮನಸ್ಸಿನಲ್ಲೇ ಗಡಿಯಾರ ಶುರು ಮಾಡಿದೆವು, ಅಲ್ವಾ?

ಆಮೇಲೆ ಏನಾಯ್ತು? ಕಿಟಕಿ ಒಡೆಯಿತು. ವಿಮಾನ ಅದೇ ಎತ್ತರದಲ್ಲೇ ಹಾರುತ್ತಿದೆ. ನಾಯಕನೂ ಖಳನೂ ಮಾಸ್ಕ್ ಇಲ್ಲದೆ ಇಪ್ಪತ್ತು ನಿಮಿಷ ಜಗಳ ಆಡಿದರು. ಎರಡನೇ ಸಲ ನೋಡುವಾಗ ನಾನು ಗಡಿಯಾರ ಹಿಡಿದು ನೋಡಿದೆ. 12 ನಿಮಿಷದ ಮಾತು ಅವರಿಗೇ ಮರೆತುಹೋಗಿತ್ತು. ಆ ಕ್ಷಣ ನನ್ನೊಳಗಿನ ಗಡಿಯಾರವೂ ನಿಂತಿತು. ನಿಮ್ಮದೂ ಅಲ್ಲೇ ನಿಂತಿರಬೇಕು. ನೀವು 'ಯಾಕೆ ಅಂತ ಹೇಳಲು ಬರುತ್ತಿಲ್ಲ' ಅಂದಿರಿ. ನನಗೆ ತೋಚುವ ಕಾರಣ ಇದೇ. ಮಿತಿ ಹೋದ ಮೇಲೆ ಏನು ಬೇಕಾದರೂ ಆಗಬಹುದು. ಏನು ಬೇಕಾದರೂ ಆಗಬಹುದು ಅಂದಾಗ ಹೆದರಿಕೆಯೂ ಇರಲ್ಲ, ಕುತೂಹಲವೂ ಇರಲ್ಲ.

ಈ ಆಕ್ಸಿಜನ್ ವಿಷಯ ನನಗೆ ಸ್ವಂತ ಅನುಭವದ್ದು. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ವಿಮಾನ ಸಿಬ್ಬಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ, ಗಾಳಿ ತೆಗೆದು, ಎತ್ತರದ ಅನುಭವ ಕೊಡುತ್ತಾರೆ. ಮಾಸ್ಕ್ ತೆಗೆದು ನೂರರಿಂದ ಏಳೇಳು ಕಳೆಯುತ್ತಾ ಬರೆಯಿರಿ ಅಂದರು. ನಾನು ಬಹಳ ಖುಷಿಯಲ್ಲಿ ಬರೆದೆ. ಎಲ್ಲ ಸರಿಯಾಗಿದೆ ಅನ್ನಿಸಿತ್ತು. ಮಾಸ್ಕ್ ಹಾಕಿದ ಮೇಲೆ ಹಾಳೆ ನೋಡಿದರೆ ನಾಲ್ಕನೇ ಸಾಲಿನಿಂದ ಕೆಳಗೆ ನನ್ನ ಹೆಸರನ್ನೇ ಬರೆಯುತ್ತಾ ಹೋಗಿದ್ದೆ. ನೋವಿಲ್ಲ, ಉಸಿರು ಕಟ್ಟಿದ ಹಾಗೂ ಇಲ್ಲ. ಬುದ್ಧಿ ಸದ್ದಿಲ್ಲದೆ ಜಾರಿಹೋಗುತ್ತದೆ. 35,000 ಅಡಿಯಲ್ಲಿ ಸರಿಯಾಗಿ ಯೋಚಿಸಲು ಸಿಗುವ ಸಮಯ 30ರಿಂದ 60 ಸೆಕೆಂಡ್. 2005ರ ಆಗಸ್ಟ್ 14ರಂದು ಗ್ರೀಸಿನಲ್ಲಿ ಒತ್ತಡದ ಸ್ವಿಚ್ಚು ತಪ್ಪು ಜಾಗದಲ್ಲಿ ಉಳಿದುಹೋಗಿ, ಪೈಲಟ್‌ಗಳು ಗೊತ್ತೇ ಆಗದೆ ಪ್ರಜ್ಞೆ ತಪ್ಪಿ, ವಿಮಾನದಲ್ಲಿದ್ದ 121 ಜನ ಹೋದರು. ಇಷ್ಟು ಭಯಾನಕವಾದ ಸತ್ಯ ಕೈಯಲ್ಲಿದ್ದೂ ಈ ನಿರ್ದೇಶಕರು ಗುದ್ದಾಟ ತೋರಿಸಿದರು. ಅದೇ ನನ್ನ ದೊಡ್ಡ ಬೇಸರ.

ನಿಜವಾಗಿ ನಡೆದದ್ದನ್ನೇ ಕೇಳಿ. 1990ರ ಜೂನ್ 10. ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ. 17,300 ಅಡಿಯಲ್ಲಿ ಕ್ಯಾಪ್ಟನ್ ಮುಂದಿನ ಗಾಜು ಹಾರಿಹೋಯ್ತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ. ಸಿಬ್ಬಂದಿ ಕಾಲು ಹಿಡಿದುಕೊಂಡರು. ಕೈ ಮರಗಟ್ಟಿದಾಗ ಇನ್ನೊಬ್ಬರು ಬಂದು ಹಿಡಿದರು. ಅವರು ಸತ್ತಿದ್ದಾರೆ ಅಂದುಕೊಂಡೂ ಬಿಡಲಿಲ್ಲ. ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದ್ದರು, ಕೆಲವೇ ತಿಂಗಳಲ್ಲಿ ಮತ್ತೆ ಹಾರಿದರು. ಕಾರಣ ಏನು ಗೊತ್ತಾ? ಗಾಜು ಕೂರಿಸಿದ 90 ಬೋಲ್ಟ್‌ಗಳಲ್ಲಿ 84 ಬೇಕಾದುದಕ್ಕಿಂತ ಕೂದಲೆಳೆಯಷ್ಟು ಸಪೂರ. ರಾತ್ರಿ ಪಾಳಿಯಲ್ಲಿ ಒಬ್ಬರು ಹಳೆಯ ಬೋಲ್ಟ್ ಪಕ್ಕ ಹೊಸದನ್ನು ಇಟ್ಟು ಕಣ್ಣಳತೆಯಲ್ಲಿ ಆರಿಸಿದ್ದರು.

ಖಳ ಇಲ್ಲ, ಬಂದೂಕು ಇಲ್ಲ. ಒಂದು ಬೋಲ್ಟು ಮತ್ತು ಕಾಲು ಬಿಡದ ಕೈಗಳು.

ನಮ್ಮ ಊರಿನದ್ದೂ ಒಂದಿದೆ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತ ದಾಟುವಾಗಲೆಲ್ಲ ನನಗೆ ಅದೇ ಯೋಚನೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದಾಗ ಅವರ ಕೈಯಲ್ಲಿದ್ದದ್ದು ಮಿಸ್ಟಿಯರ್ ಯುದ್ಧವಿಮಾನ. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಆ ವಿಮಾನವನ್ನು ಹೊಡೆದುರುಳಿಸಿದರು, ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಆ ವಿಮಾನ ನಿಧಾನದ್ದು ಅನ್ನುವ ಮಿತಿಯನ್ನು ತೆಗೆದುಬಿಟ್ಟರೆ ಆ ಕಥೆಯ ಜೀವವೇ ಹೋಗುತ್ತದೆ. ನಿಮ್ಮ ಭಾವನಿಗೆ ಇದನ್ನು ಹೇಳಿ. ಅವರ ಸಿಟ್ಟಿನ ಬೇರು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಕೈಯಲ್ಲಿದ್ದಷ್ಟರಲ್ಲೇ ಕೆಲಸ ಮಾಡಿ ಬಂದವರಿಗೆ, ಏನು ಬೇಕಾದರೂ ಮಾಡಬಲ್ಲ ನಾಯಕನನ್ನು ನೋಡುವುದು ಕಷ್ಟ.

ಮಗನದ್ದು ತಪ್ಪಲ್ಲ. ಅವನು ವೇಗ ನೋಡಲು ಕೂತಿದ್ದ, ಅದು ಸಿಕ್ಕಿತು. ಛಾಯಾಗ್ರಹಣ, ಸದ್ದು ಎಲ್ಲ ನಿಜವಾಗಿಯೂ ಚೆನ್ನಾಗಿದೆ. ನಿಮ್ಮ ಹೆಂಡತಿ ಅತ್ತದ್ದು ಆ ಮಗುವಿಗಾಗಿ ಅಂತ ಊಹಿಸುತ್ತೇನೆ. ನಾನೂ ಆ ಜಾಗದಲ್ಲಿ ಕರಗಿದೆ. ಆದರೆ ಎರಡನೇ ಅರ್ಧದಲ್ಲಿ ಆ ಮಗು ಎಲ್ಲಿ ಹೋಯ್ತು? ಗಗನಸಖಿ ಅಷ್ಟು ಜೋಪಾನವಾಗಿ ಎಣಿಸಿದ ಜನರ ಲೆಕ್ಕ ಏನಾಯ್ತು? ಮೂರು ಜನ ಹಾರಿಹೋದ ಮೇಲೆ ಒಬ್ಬರಾದರೂ ಅವರ ಹೆಸರು ಕೂಗಿದರಾ? ಮನೆಯ ನಾಲ್ಕು ಜನ ನಾಲ್ಕು ಸಿನಿಮಾ ನೋಡಿದ್ದೀರಿ. ಮಗನ ಸಿನಿಮಾ ಕೊನೆತನಕ ಓಡಿತು. ಉಳಿದ ಮೂವರದ್ದು ಇಂಟರ್ವಲ್‌ಗೇ ನಿಂತಿತು.

ಇನ್ನು ಅಮ್ಮನ ಪ್ರಶ್ನೆ. ಬಜ್ಪೆಯದ್ದು ಸಿನಿಮಾ ಅಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನು ತಳ್ಳಿಹಾಕಬೇಡಿ.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು. ಎಂಟು ಜನ ಉಳಿದರು. ತನಿಖೆಯಲ್ಲಿ ಕಾರಣ ಸ್ಪಷ್ಟವಾಗಿ ಬಂದಿದೆ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು. ವಿಮಾನ ಇಳಿಯಲು ಬಂದಾಗ ಎತ್ತರವೂ ವೇಗವೂ ಜಾಸ್ತಿ ಇತ್ತು. ಇಳಿಸಬೇಡಿ, ಮತ್ತೆ ಮೇಲೆ ಹೋಗಿ ಅಂತ ಸಹ ಪೈಲಟ್ ಮೂರು ಸಲ ಹೇಳಿದರು. ಆದರೂ ಇಳಿಸಿದರು. ರನ್‌ವೇಯಲ್ಲಿ ಬಹಳ ಮುಂದೆ ಹೋಗಿ ನೆಲ ಮುಟ್ಟಿದ್ದರಿಂದ ನಿಲ್ಲಲು ಜಾಗ ಉಳಿಯಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಕೋಯಿಕ್ಕೋಡಿನದ್ದೂ ಅಹಮದಾಬಾದಿನದ್ದೂ ಅಮ್ಮ ಟಿವಿಯಲ್ಲಿ ನೋಡಿರುತ್ತಾರೆ. ಹೆದರಿಕೆ ಬರುವುದು ಸಹಜ.

ಅವರಿಗೆ ಸುಳ್ಳು ಧೈರ್ಯ ಹೇಳಬೇಡಿ. ವಿಮಾನಕ್ಕೆ ಏನೂ ಆಗಲ್ಲ ಅಂತ ನಾನೂ ಹೇಳಲ್ಲ. ಆದರೆ ಅದಕ್ಕೆ ಏನಾದರೂ ಆಗಬೇಕಾದರೆ ಒಂದರ ಹಿಂದೆ ಒಂದು ಹಲವು ತಪ್ಪುಗಳು ಸಾಲಾಗಿ ಕೂಡಿಬರಬೇಕು. ನಮ್ಮ ಕೆಲಸವೆಲ್ಲ ಆ ಸಾಲನ್ನು ಎಲ್ಲಾದರೂ ಒಂದು ಕಡೆ ಕಡಿಯುವುದು. ಒಂದು ರಾತ್ರಿ ನಮ್ಮ ಪಾಳಿಯಲ್ಲಿ ಕೆಲಸ ಮುಗಿಸಿ ಉಪಕರಣ ಎಣಿಸಿದಾಗ ಒಂದು ಸ್ಪ್ಯಾನರ್ ಕಡಿಮೆ ಬಂತು. ವಿಮಾನವನ್ನು ಬಿಡಲಿಲ್ಲ. ಮೂರು ಗಂಟೆ ಹುಡುಕಿದೆವು. ಮೇಲೆ ಪ್ರಯಾಣಿಕರು ಕೌಂಟರಿನಲ್ಲಿ ಕೂಗಾಡುತ್ತಿದ್ದರು. ಕೊನೆಗೆ ಒರೆಸುವ ಬಟ್ಟೆಗಳ ಡಬ್ಬದ ಅಡಿಯಲ್ಲಿ ಸಿಕ್ಕಿತು. ಆ ದಿನ ಕೂಗಾಡಿದವರಿಗೆ ತಡ ಯಾಕಾಯ್ತು ಅಂತ ಯಾರೂ ಹೇಳಲಿಲ್ಲ, ಹೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಸಿನಿಮಾದಲ್ಲಿ ಈ ಎಣಿಕೆ ತೋರಿಸಲ್ಲ. ತೋರಿಸಿದ್ದರೆ ಅಮ್ಮನ ಅರ್ಧ ಹೆದರಿಕೆ ಅಲ್ಲೇ ಹೋಗುತ್ತಿತ್ತು.

ಕಣ್ಣೂರು ಕೂಡ ಗುಡ್ಡದ ತಲೆ ತೆಗೆದು ಮಾಡಿದ ರನ್‌ವೇ. ಇದನ್ನು ಅಮ್ಮನಿಂದ ಮುಚ್ಚಿಡಬೇಡಿ, ಬೇರೆ ಯಾರೋ ಹೇಳುವ ಬದಲು ನೀವೇ ಹೇಳಿ. ಮಂಗಳೂರಿನ ರನ್‌ವೇ 2,450 ಮೀಟರ್, ಕಣ್ಣೂರಿನದ್ದು 3,050 ಮೀಟರ್ ಅನ್ನುವುದನ್ನೂ ಸೇರಿಸಿ ಹೇಳಿ. ಇನ್ನೊಂದು ಮುಖ್ಯ ಮಾತು. ಪುತ್ತರಿಗೆ ವಾಪಸ್ ಬರುವಾಗ ಇಳಿಯುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಜೋರಾಗಿ ಸದ್ದು ಮಾಡಿ ಮತ್ತೆ ಮೇಲೇರಿದರೆ ಅವರು ಸಂತೋಷಪಡಬೇಕು. ಮಂಜು, ಗಾಳಿ, ಮೊದಲು ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲ, ಹೀಗೆ ಏನೋ ಒಂದು ಸರಿ ಇಲ್ಲ ಅನ್ನಿಸಿ ಪೈಲಟ್ ಇನ್ನೊಂದು ಸುತ್ತು ಹಾಕುತ್ತಿದ್ದಾನೆ. ಸಿನಿಮಾಗಳು ಇದನ್ನೇ ದೊಡ್ಡ ಗಂಡಾಂತರದ ಹಾಗೆ ತೋರಿಸುತ್ತವೆ. ಬಜ್ಪೆಯಲ್ಲಿ ಆ ದಿನ ಆಗಬೇಕಿದ್ದದ್ದು ಇದೇ.

ಈಗ ಏನು ಮಾಡಬಹುದು ನೋಡೋಣ. ಟಿಕೆಟ್ ರದ್ದು ಮಾಡುವುದು ಸುಲಭ. ದುಡ್ಡು ಸ್ವಲ್ಪ ಹೋಗುತ್ತದೆ. ಆದರೆ ಈ ಸಲ ಬಿಟ್ಟರೆ ಹೆದರಿಕೆ ಗಟ್ಟಿಯಾಗುತ್ತದೆ, ಮುಂದಿನ ವರ್ಷ ಇನ್ನೂ ಕಷ್ಟ. ಮೊದಲು ಕಣ್ಣೂರಿನಿಂದ ಬೆಂಗಳೂರಿಗೆ ಒಂದು ಸಣ್ಣ ಪ್ರಯಾಣ ಮಾಡಿಸಿ ರೂಢಿ ಮಾಡಿಸೋಣ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆ ಇಲ್ಲ. ಸಣ್ಣ ಹಾರಾಟದಲ್ಲಿ ಬರೀ ಏರುವುದು ಇಳಿಯುವುದೇ ಇರುತ್ತದೆ, ಮಳೆಗಾಲದ ಮೋಡದಲ್ಲಿ ಕುಲುಕಿದರೆ ಇರುವ ಧೈರ್ಯವೂ ಹೋಗಬಹುದು. ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿಬರುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದಿದ್ದರೆ ವಿಮಾನ ಸಂಸ್ಥೆಗೆ ಮೊದಲೇ ಹೇಳಿ ಗಾಲಿಕುರ್ಚಿ ಸಹಾಯ ಕೇಳಿ. ಅಮ್ಮ ಚೆನ್ನಾಗಿ ನಡೆಯುತ್ತಾರೆ ಅಂದರೂ ಕೇಳಿ. ಒಬ್ಬರು ಬಾಗಿಲಿನಿಂದ ಬಾಗಿಲಿಗೆ ಜೊತೆಗಿರುತ್ತಾರೆ.

ನಿದ್ದೆ ಮಾತ್ರೆ ಕೊಟ್ಟು ಮಲಗಿಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ವಯಸ್ಸಾದವರಿಗೆ ಗೊಂದಲ, ತಲೆಸುತ್ತು ಬರಬಹುದು, ತುರ್ತಿನಲ್ಲಿ ಮಾಸ್ಕ್ ಹಾಕಿಕೊಳ್ಳಲೂ ಆಗದು. ಅದರ ಬದಲು ನಿಮ್ಮ ವೈದ್ಯರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ಹೃದಯ, ಶ್ವಾಸಕೋಶ, ರಕ್ತಹೀನತೆಯ ತೊಂದರೆ ಇದ್ದರೆ ಊಟಿಯ ಎತ್ತರದ ಗಾಳಿ ಸ್ವಲ್ಪ ಕಷ್ಟ ಕೊಡಬಹುದು. ಒಂದು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತುತ್ತಾರಾ ನೋಡಿ, ವೈದ್ಯರಿಗೆ ಅದನ್ನು ಹೇಳಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ. ನೆಗಡಿ ಇದ್ದರೆ ಇಳಿಯುವಾಗ ಕಿವಿ ತುಂಬಾ ನೋಯುತ್ತದೆ. ಮಾಕುಟ್ಟ ಘಾಟಿ ಇಳಿಯುವಾಗ ಮಾಡುವ ಹಾಗೆ ಏನಾದರೂ ಚಪ್ಪರಿಸುತ್ತಾ ಎಂಜಲು ನುಂಗುತ್ತಿರಲಿ. ಸೀಟು ರೆಕ್ಕೆಯ ಹತ್ತಿರ ಕೇಳಿ, ಕುಲುಕಾಟ ಅಲ್ಲಿ ಕಡಿಮೆ. ಕೂತಷ್ಟು ಹೊತ್ತೂ ಬೆಲ್ಟ್ ಇರಲಿ, ದೀಪ ಆರಿದ ಮೇಲೂ. ಮಾಸ್ಕ್ ಬಿದ್ದರೆ ಬಲವಾಗಿ ಎಳೆದು ಮೂಗು ಬಾಯಿ ಮುಚ್ಚುವ ಹಾಗೆ ಹಿಡಿಯಬೇಕು. ಚೀಲ ಉಬ್ಬದಿದ್ದರೂ ಗಾಳಿ ಬರುತ್ತಿರುತ್ತದೆ.

ಎಲ್ಲಕ್ಕಿಂತ ನನಗೆ ಚಿಂತೆ ಇರುವುದು ನಿಮ್ಮ ಕಾರಿನ ದಾರಿಯ ಬಗ್ಗೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಮೇಲೆ ಮಟ್ಟನ್ನೂರಿಗೆ ಸುಮಾರು 60 ಕಿಲೋಮೀಟರ್. 2018ರ ಮಳೆಯಲ್ಲಿ ಆ ರಸ್ತೆ ಕುಸಿದು ಮುಚ್ಚಿದ್ದು ನಿಮಗೆ ನೆನಪಿದೆ. ಸೆಪ್ಟೆಂಬರ್ ಕೊನೆಯಲ್ಲೂ ಮಣ್ಣು ಒದ್ದೆಯೇ ಇರುತ್ತದೆ. ಅಮ್ಮನ ಇಡೀ ಪ್ರಯಾಣದಲ್ಲಿ ಜಾಸ್ತಿ ಅಪಾಯದ ತುಂಡು ಇದೇ. ರಾತ್ರಿ ಘಾಟಿ ಇಳಿಯಬೇಡಿ. ಬೆಳಗಿನ ಹಾರಾಟ ಆದರೆ ಹಿಂದಿನ ದಿನವೇ ಹೋಗಿ ಮಟ್ಟನ್ನೂರಿನಲ್ಲಿ ಉಳಿಯಿರಿ. ಅಲ್ಲಿ ಸಂಜೆ ಹೊತ್ತು ವಿಮಾನಗಳು ಇಳಿಯುವುದನ್ನು ಅಮ್ಮನಿಗೆ ಸ್ವಲ್ಪ ಹೊತ್ತು ತೋರಿಸಿ. ಒಂದರ ಹಿಂದೆ ಒಂದು ಬರುತ್ತವೆ, ಜನ ಇಳಿಯುತ್ತಾರೆ, ಟ್ಯಾಕ್ಸಿ ಹತ್ತಿ ಮನೆಗೆ ಹೋಗುತ್ತಾರೆ. ಒಂದು ಗಂಟೆ ಅದನ್ನು ನೋಡಲಿ.

ಹತ್ತಿದ ಕೂಡಲೇ ತನ್ನ ಸೀಟಿನಿಂದ ಬಾಗಿಲಿಗೆ ಎಷ್ಟು ಸಾಲು ಅಂತ ಕೈಯಿಂದ ಮುಟ್ಟಿ ಎಣಿಸಲು ಹೇಳಿ. ಹೊಗೆ ತುಂಬಿದರೂ ಕತ್ತಲಾದರೂ ಆ ಎಣಿಕೆ ಸಾಕು. ನಾನು ಇವತ್ತಿಗೂ ಎಣಿಸುತ್ತೇನೆ. ಪುತ್ತರಿ ಕಳೆದ ಮೇಲೆ ಒಂದು ಸಾಲು ಬರೆಯಿರಿ. ಎಷ್ಟು ಸಾಲು ಇತ್ತು ಅಂತ ಅಮ್ಮನನ್ನೇ ಕೇಳಿ ಬರೆಯಿರಿ.